ಸೀಪ್ಜ್ ಒಳಗಿನ ಇಗರ್ಜಿ

ಅಂಧೇರಿಯ ಸೀಪ್ಜ್‌ನಲ್ಲಿ ಹನ್ನೊಂದು ವರ್ಷ ದುಡಿದವನು ನಾನು. ಬೆಳಿಗ್ಗೆ ಗೇಟಿನಲ್ಲಿ ಪಾಸ್ ತೋರಿಸಿ, ಒಡವೆ ಮಾಡುವ ಯೂನಿಟ್ಟುಗಳ ಸಾಲು ದಾಟಿ ಆಫೀಸು ಸೇರುವುದು. ದಾರಿಯಲ್ಲಿ ಮರಗಳ ಸಂದಿಯಿಂದ ಸೂರಿಲ್ಲದ ಒಂದು ಕಲ್ಲುಗೋಡೆ ಕಾಣುತ್ತಿತ್ತು. ಯಾವುದೋ ಹಳೇ ಗೋದಾಮು ಇರಬೇಕು ಅಂದುಕೊಂಡಿದ್ದೆ. ಮಂಗಳೂರಿನ ಇಗರ್ಜಿಗಳ ಗಂಟೆ ಕೇಳುತ್ತಾ ಬೆಳೆದವನಿಗೂ ಅದು ಇಗರ್ಜಿ ಅಂತ ಹೊಳೆಯಲಿಲ್ಲ ನೋಡಿ.

ಮರೋಳದಲ್ಲಿ ನಾನಿದ್ದ ಬಾಡಿಗೆ ಮನೆಯ ಆಂಟಿ ಮೇ ತಿಂಗಳ ಒಂದು ಭಾನುವಾರ ಕೆಂಪು ಸೀರೆ ಉಟ್ಟು, ಕಿವಿ ತುಂಬ ಚಿನ್ನ ಹಾಕಿಕೊಂಡು ಹೊರಟಿದ್ದರು. "ಎಲ್ಲಿಗೆ ಆಂಟಿ?" ಅಂದರೆ, "ನಿನ್ನ ಆಫೀಸಿಗೆ!" ಅಂದರು. ತಮಾಷೆ ಅಂದುಕೊಂಡು ಹಿಂದೆಯೇ ಹೋದೆ. ತಮಾಷೆಯಾಗಿರಲಿಲ್ಲ.

ಅದು ಸೇಂಟ್ ಜಾನ್ ದ ಬ್ಯಾಪ್ಟಿಸ್ಟ್ ಇಗರ್ಜಿ. 1579ರಲ್ಲಿ ಪೋರ್ಚುಗೀಸ್ ಜೆಸ್ವಿಟ್ ಪಾದ್ರಿಗಳು ಕಟ್ಟಿಸಿದ್ದು. ಆಗ ಈ ಜಾಗ ಕೊಂಡಿವಟೆ ಎಂಬ ಹಳ್ಳಿ; ಹತ್ತಿರದಲ್ಲೇ ಮಹಾಕಾಳಿ ಗುಹೆಗಳಿವೆ. ಸಾಷ್ಟಿ ದ್ವೀಪ 1739ರಲ್ಲಿ ಮರಾಠರ ಕೈಗೆ ಬಂತು, 1774ರಲ್ಲಿ ಇಂಗ್ಲಿಷರ ಕೈಗೆ ಹೋಯಿತು. ಇಗರ್ಜಿ ಅದನ್ನೆಲ್ಲ ತಡೆದುಕೊಂಡಿತು. ತಡೆಯಲಾಗದೆ ಹೋದದ್ದು ಸಾಂಕ್ರಾಮಿಕ ರೋಗವನ್ನು. 1840ರ ಹೊತ್ತಿಗೆ ಊರಿನವರು ಹಳ್ಳಿ ಬಿಟ್ಟು ಮರೋಳಕ್ಕೆ ಬಂದು, ಅಲ್ಲಿ ಹೊಸ ಇಗರ್ಜಿ ಕಟ್ಟಿಕೊಂಡರು. ಹಳೆಯದರಿಂದ ಪ್ರತಿಮೆಗಳನ್ನೂ ಜ್ಞಾನಸ್ನಾನದ ತೊಟ್ಟಿಯನ್ನೂ ಹೊತ್ತು ತಂದರು. ನಾವು ಊರು ಬಿಡುವಾಗ ದೇವರ ಪಟ ತಂದೆವಲ್ಲ, ಹಾಗೆಯೇ. 1973ರಲ್ಲಿ ಸೀಪ್ಜ್ ಬಂತು. ಇಗರ್ಜಿ ಗೇಟಿನ ಒಳಗೆ ಉಳಿಯಿತು, ಅದರ ಜನ ಹೊರಗೆ. ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಆ ಮೊಂಡುಗೋಡೆಗಳ ನಡುವೆ ಪೂಜೆ ಮಾಡುವ ರೂಢಿ ಹಾಗೆ ಶುರುವಾದದ್ದು.

ಆಂಟಿಯ ಜನಕ್ಕೆ ಈಸ್ಟ್ ಇಂಡಿಯನ್ನರು ಅಂತ ಹೆಸರು. ಪಶ್ಚಿಮ ಕರಾವಳಿಯವರಿಗೆ ಇದೆಂಥ ಪೂರ್ವದ ಹೆಸರು? ಇದರಲ್ಲಿ ನಮ್ಮ ಪಾಲೂ ಉಂಟು. ಗೋವಾದಿಂದ, ನಮ್ಮ ಮಂಗಳೂರಿನಿಂದ ಕ್ರೈಸ್ತರು ನೌಕರಿ ಹುಡುಕಿಕೊಂಡು ಮುಂಬಯಿಗೆ ಬರತೊಡಗಿದಾಗ ಇಲ್ಲಿನ ಮೂಲದವರಿಗೆ, ನಾವು ಅವರಲ್ಲ ಎಂದು ಹೇಳಿಕೊಳ್ಳಬೇಕಾಯಿತು. ವಿಕ್ಟೋರಿಯಾ ರಾಣಿಯ ಸುವರ್ಣೋತ್ಸವದ ವರ್ಷ, 1887ರಲ್ಲಿ, ಕಂಪನಿಯ ನೆನಪಿರುವ ಈ ಹೆಸರನ್ನಿಟ್ಟುಕೊಂಡು ಸಂಘ ಕಟ್ಟಿದರು. ಹೊರಗಿನವರು ಬಂದದ್ದಕ್ಕೆ ಒಳಗಿನವರು ಹೆಸರು ಬದಲಿಸಿಕೊಂಡರು!

ಇದನ್ನೆಲ್ಲ ತಿಳಿದ ಮೇಲೆ ನನಗೆ ಹುಮ್ಮಸ್ಸು ಬಂತು. ಇದನ್ನೊಂದು ಮ್ಯೂಸಿಯಂ ಮಾಡಬಾರದೇಕೆ? ಓಲ್ಡ್ ಗೋವಾದಲ್ಲಿ ಫ್ರಾನ್ಸಿಸ್ಕನ್ನರ ಮಠವನ್ನು ಪುರಾತತ್ತ್ವ ಇಲಾಖೆಯವರು 1964ರಲ್ಲಿ ಮ್ಯೂಸಿಯಂ ಮಾಡಿದ್ದಾರೆ. ಅಲ್ಲಿ ಪೋರ್ಚುಗೀಸ್ ಗವರ್ನರುಗಳ ಚಿತ್ರಗಳೂ ಇವೆ, ನಮ್ಮ ಕಡೆಯಂಥ ವೀರಗಲ್ಲುಗಳೂ ಇವೆ. ಆಂಟಿಗೆ ಹೇಳಿದೆ. ಅವರು ಕೇಳಿದ್ದು ಒಂದೇ: "ಆಮೇಲೆ ನಾನೂ ಟಿಕೆಟ್ ತಗೋಬೇಕಾ?"

ನನ್ನ ಹುಮ್ಮಸ್ಸು ಅಲ್ಲಿಗೆ ಇಳಿಯಿತು. ಗೋವಾದ ಮಠದಿಂದ ಸನ್ಯಾಸಿಗಳನ್ನು 1835ರಲ್ಲೇ ಸರಕಾರ ಹೊರಡಿಸಿತ್ತು. ಅದು ಖಾಲಿ ಮನೆ. ಇಲ್ಲಿ ಸೂರಿಲ್ಲ ಅಷ್ಟೇ, ಮನೆಯವರು ಇದ್ದಾರೆ. ಮುಂಬಯಿಯ ಹಳೇ ಇಗರ್ಜಿಗಳ ಸಾಮಾನು ಕಾಯಲು 2011ರಲ್ಲಿ ಗೋರೆಗಾಂವ್‌ನ ಸೆಮಿನರಿಯಲ್ಲಿ ಧರ್ಮಪ್ರಾಂತ್ಯದವರೇ ಒಂದು ಮ್ಯೂಸಿಯಂ ತೆರೆದಿದ್ದಾರೆ. ಒಳ್ಳೆಯದೇ. ಆದರೆ ಗೋಡೆಯನ್ನು ಕಪಾಟಿನಲ್ಲಿ ಇಡಲಾಗುವುದಿಲ್ಲವಲ್ಲ.

ಈಗ ಕೇಳಿದರೆ, ಎರಡೂ ಆಗಲಿ ಅನ್ನುತ್ತೇನೆ. ಮೊದಲು ಗೋಡೆ ಬೀಳದಂತೆ ನೋಡಿಕೊಳ್ಳಲಿ, ಬಾಗಿಲು ವರ್ಷವಿಡೀ ತೆರೆಯಲಿ, ಪೂಜೆ ಅವರದ್ದೇ ಇರಲಿ. ಪಕ್ಕದ ಒಂದು ಕೋಣೆಯಲ್ಲಿ ಕೊಂಡಿವಟೆಯ ಕಥೆ ಹೇಳಲಿ: ಗದ್ದೆ, ರೋಗ, ಆಂಟಿಯ ಕೆಂಪು ಸೀರೆ, ಆಮೇಲೆ ಬಂದ ಫ್ಯಾಕ್ಟರಿಗಳು. ಕೊನೆಗೆ ಎಲ್ಲಾದರೂ ಮೂಲೆಯಲ್ಲಿ ನಮ್ಮಂಥವರ ಒಂದು ಗೇಟ್ ಪಾಸೂ ಇರಲಿ. ನನ್ನದು ಇನ್ನೂ ಟ್ರಂಕಿನಲ್ಲಿದೆ.