ಸಾಲು ಸವಾರಿಯ ಸನ್ನೆಗಳು

ತಂಡವಾಗಿ ಹೋಗುವ ಬೈಕ್ ಸವಾರರು ದಾರಿಯಲ್ಲಿ ಒಬ್ಬರಿಗೊಬ್ಬರು ಕೈ, ಕಾಲು, ದೀಪ, ಹಾರ್ನ್‌ಗಳ ಮೂಲಕ ಕೊಡುವ ಸೂಚನೆಗಳು ಮತ್ತು ಅವುಗಳ ಜೊತೆಗೆ ಬೆಳೆದುಬಂದ ಸುರಕ್ಷತೆಯ ಕಟ್ಟುಪಾಡುಗಳು. ಎಂಜಿನ್ ಸದ್ದಿನಲ್ಲಿ ಮಾತು ಕೇಳಿಸದು, ಹೆಲ್ಮೆಟ್ಟಿನೊಳಗಿನ ಮುಖ ಕಾಣಿಸದು. ಮುಂದಿನವನು ಕಂಡದ್ದು ಹಿಂದಿನವನಿಗೆ ತಿಳಿಯಬೇಕಾದರೆ ಸನ್ನೆಯೇ ಗತಿ. ಕರ್ನಾಟಕದಲ್ಲಿ ಈ ಪದ್ಧತಿಯ ಅಗತ್ಯ ಹೆಚ್ಚಾಗಿ ಕಾಣುವುದು ಬಯಲುಸೀಮೆ ಮುಗಿದು ಮಲೆನಾಡು ಶುರುವಾಗುವ ಹಾದಿಗಳಲ್ಲಿ. ಮಂಗಳೂರು ಮತ್ತು ತುಮಕೂರುಗಳ ನಡುವಿನ ರಾಷ್ಟ್ರೀಯ ಹೆದ್ದಾರಿ 73 ಇದಕ್ಕೆ ಒಳ್ಳೆಯ ಉದಾಹರಣೆ. ಅರಸೀಕೆರೆಯ ತೆಂಗಿನ ತೋಟಗಳ ಕಡೆಯಿಂದ ಹೊರಟು ಬೇಲೂರು, ಮೂಡಿಗೆರೆ ದಾಟಿ ಕೊಟ್ಟಿಗೆಹಾರ ತಲುಪುವಷ್ಟರಲ್ಲಿ ನೇರ ರಸ್ತೆ ಹೋಗಿ ತಿರುವು ಬಂದಿರುತ್ತದೆ, ಬಿಸಿಲು ಹೋಗಿ ಮಂಜು ಬಂದಿರುತ್ತದೆ. ಅಲ್ಲಿಂದ ಮುಂದೆ ಚಾರ್ಮಾಡಿ ಘಾಟಿ.

ಮೋಟಾರಿಗೆ ಮುಂಚೆ

ಸಾಲಾಗಿ ಸಾಗುವವರು ಒಬ್ಬರನ್ನೊಬ್ಬರು ಕಾಯುವ ಪದ್ಧತಿ ಬೈಕಿಗಿಂತ ಬಹಳ ಹಳೆಯದು. ಲಂಬಾಣಿಗರು ಎತ್ತುಗಳ ಬೆನ್ನ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ದೂರದ ಹಾದಿ ಸವೆಸುತ್ತಿದ್ದ ಕಾಲದಲ್ಲಿ ಮುಂದಿನ ಎತ್ತಿನ ಕೊರಳಲ್ಲಿ ಗಂಟೆ ಇರುತ್ತಿತ್ತು. ಹಿಂಡು ಆ ನಾದದ ಹಿಂದೆ ನಡೆಯುತ್ತಿತ್ತು. ಎತ್ತಿನ ಗಾಡಿಗಳ ಸಾಲು ರಾತ್ರಿ ಹೊರಟಾಗ ಗಾಡಿಯ ಅಡಿಯಲ್ಲಿ ತೂಗುವ ಲಾಟೀನು ಹಿಂದಿನ ಗಾಡಿಯವನಿಗೆ ದಾರಿಯ ಗುರುತಾಗುತ್ತಿತ್ತು. ಕೊರಳ ಗೆಜ್ಜೆಯ ಸದ್ದು ಎದುರಿನಿಂದ ಬರುವವರಿಗೆ ಮುನ್ಸೂಚನೆಯಾಗುತ್ತಿತ್ತು.

ಶಿವರಾತ್ರಿಗೆ ಮುನ್ನ ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಡುವ ಭಕ್ತರು ಇಂದಿಗೂ ಚಾರ್ಮಾಡಿ ಘಾಟಿಯನ್ನು ನಡೆದೇ ಇಳಿಯುತ್ತಾರೆ. ಬಿಸಿಲು ತಪ್ಪಿಸಲು ನಸುಕಿನಲ್ಲೂ ರಾತ್ರಿಯಲ್ಲೂ ನಡೆಯುವ ಈ ಗುಂಪುಗಳಿಗೆ ಟಾರ್ಚೂ ಭಜನೆಯ ದನಿಯೂ ಸನ್ನೆಯ ಕೆಲಸ ಮಾಡುತ್ತವೆ. ದನಿ ದೂರವಾದರೆ ತಾನು ಹಿಂದೆ ಬಿದ್ದೆನೆಂದು ನಡೆಯುವವನಿಗೆ ತಿಳಿಯುತ್ತದೆ.

ಸಾಲಿನ ಕೊನೆಯನ್ನು ಗುರುತಿಸುವ ಪಾಠವನ್ನು ಅಚ್ಚುಕಟ್ಟಾಗಿ ಜಾರಿಗೆ ತಂದದ್ದು ರೈಲು. ಅರಸೀಕೆರೆ ಜಂಕ್ಷನ್ನಿನಲ್ಲಿ ನಿಂತು ನೋಡಿದರೆ ಪ್ರತಿ ಗಾಡಿಯ ಕೊನೆಯ ಬೋಗಿಯ ಹಿಂಬದಿಯಲ್ಲಿ ‘ಎಲ್‌ವಿ’ ಎಂಬ ಫಲಕ ಅಥವಾ ದೊಡ್ಡ ಗುಣಿಸು ಚಿಹ್ನೆ, ರಾತ್ರಿಯಾದರೆ ಕೆಂಪು ದೀಪ ಕಾಣುತ್ತದೆ. ಇದೇ ಕೊನೆಯ ಬೋಗಿ, ಗಾಡಿ ಪೂರ್ತಿ ಬಂದಿದೆ, ನಡುವೆ ಕಳಚಿ ಹಿಂದೆ ಉಳಿದದ್ದು ಏನೂ ಇಲ್ಲ ಎಂಬುದು ಅದರ ಅರ್ಥ. ಆ ಗುರುತು ಕಾಣದಿದ್ದರೆ ಹಿಂದಿನ ಹಳಿ ಖಾಲಿಯಾಗಿದೆ ಎಂದು ನಿಲ್ದಾಣದವರು ನಂಬುವಂತಿಲ್ಲ. ಕೊನೆಯ ಸವಾರನನ್ನು ಕಾಯುವ ಬೈಕ್ ತಂಡಗಳ ನಿಯಮದ ತಿರುಳೂ ಇದೇ.

ಕಾನೂನಿನ ಬಲಗೈ

ಇಡೀ ಬ್ರಿಟಿಷ್ ಭಾರತಕ್ಕೆ ಅನ್ವಯವಾಗುವ ಮೊದಲ ಮೋಟಾರು ವಾಹನ ಕಾಯ್ದೆ 1914ರಲ್ಲಿ ಬಂತು, ಅದರ ಜಾಗಕ್ಕೆ 1939ರ ಕಾಯ್ದೆ, ಆಮೇಲೆ 1988ರ ಕಾಯ್ದೆ. ಈಗಿನ ಕಾಯ್ದೆಯಡಿ ರೂಪುಗೊಂಡ 1989ರ ರಸ್ತೆ ನಿಯಮಾವಳಿ ಕೈಸನ್ನೆಗಳನ್ನು ಒಂದೊಂದಾಗಿ ವಿವರಿಸಿತು. ವೇಗ ತಗ್ಗಿಸುವಾಗ ಬಲಗೈಯನ್ನು ಹೊರಚಾಚಿ, ಅಂಗೈ ಕೆಳಮುಖವಾಗಿಸಿ ಮೇಲೆ ಕೆಳಗೆ ಆಡಿಸಬೇಕು. ನಿಲ್ಲಿಸುವಾಗ ಬಲ ಮುಂಗೈಯನ್ನು ನೆಟ್ಟಗೆ ಮೇಲೆತ್ತಬೇಕು. ಬಲಕ್ಕೆ ತಿರುಗುವಾಗ ಬಲಗೈ ಅಡ್ಡಲಾಗಿ ಚಾಚಬೇಕು. ಎಡಕ್ಕೆ ತಿರುಗುವಾಗ ಚಾಚಿದ ಬಲಗೈಯನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತಿಸಬೇಕು. ಹಿಂದಿನವರಿಗೆ ದಾಟಲು ಅನುವು ಕೊಡುವಾಗ ಅದೇ ಕೈಯನ್ನು ಅರ್ಧವೃತ್ತದಲ್ಲಿ ಹಿಂದೆ ಮುಂದೆ ಬೀಸಬೇಕು.

ಈ ಸನ್ನೆಗಳೆಲ್ಲ ಬಲಗೈಯವು. ನಮ್ಮಲ್ಲಿ ಕಾರು, ಲಾರಿ, ಬಸ್ಸುಗಳ ಚಾಲಕ ಕೂರುವುದು ಬಲಬದಿಯಲ್ಲಿ, ಅವನ ಕಿಟಕಿಯಿಂದ ಹೊರಬರುವುದು ಬಲಗೈಯೇ. ಬೈಕಿನ ಆಕ್ಸಿಲರೇಟರ್ ಮತ್ತು ಮುಂದಿನ ಬ್ರೇಕು ಇರುವುದೂ ಬಲಗೈಯಲ್ಲೇ. ಘಾಟಿಯ ಏರಿನಲ್ಲಿ ಆ ಕೈ ತೆಗೆದರೆ ಎಂಜಿನ್ ಸೊರಗುತ್ತದೆ, ಇಳಿಜಾರಿನಲ್ಲಿ ತೆಗೆದರೆ ಬ್ರೇಕು ಕೈತಪ್ಪುತ್ತದೆ. ಹೀಗಾಗಿ ಕಾನೂನಿನ ಪುಸ್ತಕದ ಸನ್ನೆ ಒಂದು, ಬೈಕ್ ತಂಡದ ಸನ್ನೆ ಇನ್ನೊಂದು ಎಂಬಂತಾಯಿತು. ಇಂಡಿಕೇಟರ್ ದೀಪಗಳು ಸಾಮಾನ್ಯವಾದ ಮೇಲೆ ತಿರುವಿನ ಸನ್ನೆಗೆ ಕೈಯ ಹಂಗು ಕಡಿಮೆಯಾಯಿತಾದರೂ ಗುಂಡಿ, ಜಲ್ಲಿ, ದನಗಳನ್ನು ಇಂಡಿಕೇಟರ್ ತೋರಿಸಲಾರದು. 1989ರ ನಿಯಮಾವಳಿಯ ಜಾಗಕ್ಕೆ 2017ರಲ್ಲಿ ಹೊಸ ಚಾಲನಾ ನಿಯಮಾವಳಿ ಬಂತು.

ಬೈಕುಗಳು ಬಂದ ದಾರಿ

ರಾಯಲ್ ಎನ್‌ಫೀಲ್ಡ್ ಬುಲೆಟ್ 1950ರ ದಶಕದ ಮಧ್ಯದಲ್ಲಿ ಮದರಾಸಿನಲ್ಲಿ ತಯಾರಾಗತೊಡಗಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1960ರ ದಶಕದ ಆರಂಭದಲ್ಲಿ ಜಾವಾ ಬೈಕುಗಳು ಹೊರಬಂದವು, ಮುಂದೆ ಅವುಗಳ ಹೆಸರು ಯೆಜ್ಡಿ ಎಂದಾಯಿತು. ಹಳೆಯ ಮೈಸೂರು ಸೀಮೆಯ ಊರುಗಳಲ್ಲಿ ಬೈಕ್ ಎಂದರೆ ಜಾವಾ ಎನ್ನುವಷ್ಟು ಬಳಕೆಯಾದ ಈ ಗಾಡಿಯಲ್ಲಿ ಕ್ಲಚ್ ಹಿಡಿಯದೆ ಗೇರ್ ಬದಲಿಸಬಹುದಾದ ಏರ್ಪಾಟು ಇತ್ತು. 1996ರಲ್ಲಿ ಕಾರ್ಖಾನೆ ಮುಚ್ಚಿತಾದರೂ ಗಾಡಿಗಳ ಮೇಲಿನ ಅಕ್ಕರೆ ಉಳಿಯಿತು. ಹಳೆಯ ಜಾವಾ, ಯೆಜ್ಡಿಗಳನ್ನು ಜೋಪಾನ ಮಾಡಿದವರು ಜುಲೈ ತಿಂಗಳ ಎರಡನೆಯ ಭಾನುವಾರ ಅಂತರರಾಷ್ಟ್ರೀಯ ಜಾವಾ ದಿನವೆಂದು ಒಟ್ಟಾಗಿ ಸವಾರಿ ಹೊರಡುತ್ತಾರೆ.

2000ದ ನಂತರ ಬೆಂಗಳೂರಿನ ದುಡಿಮೆಗಾರರು ವಾರಾಂತ್ಯದಲ್ಲಿ ತಂಡ ಕಟ್ಟಿಕೊಂಡು ಮಲೆನಾಡಿನತ್ತ ಹೊರಡುವುದು ರೂಢಿಯಾಯಿತು. ನಸುಕಿಗೆ ಬೆಂಗಳೂರು ಬಿಟ್ಟರೆ ಹಾಸನದಲ್ಲೋ ಬೇಲೂರಿನಲ್ಲೋ ವಿರಾಮ, ಅಲ್ಲಿಂದ ಚಿಕ್ಕಮಗಳೂರಿನ ಗಿರಿಗಳು ಅಥವಾ ಚಾರ್ಮಾಡಿ.

ಎಡಗೈಯ ಭಾಷೆ

ತಂಡಗಳ ಸನ್ನೆಗಳಲ್ಲಿ ಹಲವು ಹೊರದೇಶದ ಬೈಕ್ ಸಂಸ್ಥೆಗಳ ಬಳಕೆಯಿಂದ ಬಂದವು. ಅಮೆರಿಕದಲ್ಲಿ 1973ರಲ್ಲಿ ಶುರುವಾದ ಮೋಟಾರ್‌ಸೈಕಲ್ ಸೇಫ್ಟಿ ಫೌಂಡೇಶನ್ ಇವುಗಳನ್ನು ಕ್ರಮಬದ್ಧವಾಗಿ ಕಲಿಸುತ್ತ ಬಂದಿದೆ. ಎಡಗೈ ಚಾಚಿ ಅಂಗೈಯಿಂದ ಗಾಳಿಯನ್ನು ಕೆಳಗೆ ತಟ್ಟಿದರೆ ನಿಧಾನಿಸಿ ಎಂದರ್ಥ. ಒಂದು ಬೆರಳು ಮೇಲೆತ್ತಿದರೆ ಒಬ್ಬರ ಹಿಂದೊಬ್ಬರಾಗಿ, ಎರಡು ಬೆರಳು ಎತ್ತಿದರೆ ಎಡಬಲ ಹಂಚಿಕೊಂಡು ಸಾಗಿ ಎಂದರ್ಥ. ಪೆಟ್ರೋಲ್ ಟ್ಯಾಂಕಿನತ್ತ ತೋರಿಸಿದರೆ ಬಂಕಿನಲ್ಲಿ ನಿಲ್ಲಬೇಕು. ಮುಷ್ಟಿಯನ್ನು ಬಿಚ್ಚಿ ಮುಚ್ಚಿದರೆ ನಿಮ್ಮ ಇಂಡಿಕೇಟರ್ ಉರಿಯುತ್ತಲೇ ಇದೆ, ಆರಿಸಿ ಎಂಬ ಸೂಚನೆ.

ಎಡಬದಿಯ ಗುಂಡಿಯನ್ನು ಎಡಗೈ ತೋರಿಸುತ್ತದೆ. ಬಲಬದಿಯ ಗುಂಡಿಯನ್ನು ತೋರಿಸುವುದು ಬಲಗಾಲು. ಬಲಗೈ ಆಕ್ಸಿಲರೇಟರ್ ಬಿಡುವಂತಿಲ್ಲದ್ದರಿಂದ ಸವಾರ ಕಾಲನ್ನೇ ಹೊರಚಾಚಿ ನೆಲದತ್ತ ತೋರಿಸುತ್ತಾನೆ. ಮಳೆಗಾಲ ಮುಗಿದ ಮೇಲೆ ಮಲೆನಾಡಿನ ರಸ್ತೆಯಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬರುವ ಸನ್ನೆ ಬಹುಶಃ ಇದೇ. ಮುಂದಿನವನ ಸನ್ನೆಯನ್ನು ಪ್ರತಿಯೊಬ್ಬನೂ ತನ್ನ ಹಿಂದಿನವನಿಗೆ ದಾಟಿಸಬೇಕು ಎಂಬುದು ಎಲ್ಲಕ್ಕೂ ಮೂಲ ನಿಯಮ. ನಡುವೆ ಒಬ್ಬ ಮರೆತರೆ ಅವನ ಹಿಂದಿನವರೆಲ್ಲ ಕುರುಡಾಗುತ್ತಾರೆ.

ಹಿಮದ ಹಾದಿಯ ಹೋಲಿಕೆ

ಈ ಭಾಷೆಯ ಹತ್ತಿರದ ನೆಂಟ ಸಿಗುವುದು ದೂರದ ಹಿಮನಾಡಿನಲ್ಲಿ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ 1959ರಲ್ಲಿ ಸ್ಕೀ-ಡೂ ಎಂಬ ಹಗುರವಾದ ಹಿಮವಾಹನವನ್ನು ಮಾರುಕಟ್ಟೆಗೆ ತಂದ ಮೇಲೆ ಕೆನಡಾ, ಅಮೆರಿಕಗಳ ಕಾಡುಹಾದಿಗಳಲ್ಲಿ ತಂಡದ ಸವಾರಿ ಹಬ್ಬಿತು. ಅಲ್ಲಿಯೂ ಆಕ್ಸಿಲರೇಟರ್ ಬಲಗೈ ಹೆಬ್ಬೆರಳಲ್ಲಿ, ಸನ್ನೆ ಎಡಗೈಯಲ್ಲಿ. ನಿಲ್ಲು, ನಿಧಾನ, ಎಡ, ಬಲ ಎಂಬ ನಾಲ್ಕರ ಜೊತೆಗೆ ಅವರು ಇನ್ನೂ ಮೂರು ಸನ್ನೆಗಳನ್ನು ಕಟ್ಟಿಕೊಂಡರು: ಎದುರಿನಿಂದ ವಾಹನ ಬರುತ್ತಿದೆ, ನನ್ನ ಹಿಂದೆ ಇನ್ನೂ ಇದ್ದಾರೆ, ನಾನೇ ಕೊನೆಯವನು. ಕೊನೆಯ ಎರಡು ಸನ್ನೆಗಳು ಎದುರಿನಿಂದ ಬರುವ ಅಪರಿಚಿತರಿಗಾಗಿ ಇರುವಂಥವು. ಹೆಬ್ಬೆರಳನ್ನು ಭುಜದ ಹಿಂದಕ್ಕೆ ತೋರಿಸಿದರೆ ಬದಿಯಲ್ಲೇ ಇರಿ, ಇನ್ನೂ ಬರುವವರಿದ್ದಾರೆ ಎಂದರ್ಥ. ಮೊಣಕೈ ಮಡಚಿ ಮುಷ್ಟಿ ಎತ್ತಿದರೆ ಸಾಲು ಮುಗಿಯಿತು.

ಒಂದೇ ವಾಹನಕ್ಕೆ ಸಾಕಾಗುವ ಹಾದಿ, ಮುಂದೇನಿದೆ ತೋರದ ತಿರುವು, ಎರಡೂ ಬದಿಗೆ ಮರ: ಈ ವರ್ಣನೆ ಬೇಲೂರು, ಮೂಡಿಗೆರೆ ಸೀಮೆಯ ಕಾಫಿ ತೋಟದ ರಸ್ತೆಗಳಿಗೂ ಹಾಗೇ ಒಪ್ಪುತ್ತದೆ. ಸಾಲಿನ ಮೊದಲ ಬೈಕು ದಾಟಿದೊಡನೆ ರಸ್ತೆ ಖಾಲಿಯಾಯಿತೆಂದು ಎದುರಿನ ಜೀಪಿನವನು ನುಗ್ಗುವುದು ಇಲ್ಲಿಯೂ ಇರುವ ಅಪಾಯ. ಹಿಂದೆ ಎಷ್ಟು ಮಂದಿ ಇದ್ದಾರೆಂದು ಬೆರಳಲ್ಲಿ ತೋರಿಸಿದರೆ ಅದು ತಪ್ಪುತ್ತದೆ.

ಆದರೆ ಒಂದು ದೇಶದ ಸನ್ನೆ ಇನ್ನೊಂದರಲ್ಲಿ ಅದೇ ಅರ್ಥ ಕೊಡದು. ಮುಂಗೈ ನೆಟ್ಟಗೆ ಮೇಲೆತ್ತಿದರೆ ನಮ್ಮ 1989ರ ನಿಯಮಾವಳಿಯಲ್ಲಿ ನಿಲ್ಲುತ್ತೇನೆ ಎಂದರ್ಥವಿತ್ತು. ಅಮೆರಿಕದ ಬೈಕ್ ಸವಾರನ ಎಡಗೈ ಹಾಗೆ ಎದ್ದರೆ ಬಲಕ್ಕೆ ತಿರುಗುತ್ತೇನೆ ಎಂದು. ಹಿಮವಾಹನದವನು ಮುಷ್ಟಿ ಬಿಗಿದು ಎತ್ತಿದರೆ ನಾನೇ ಕೊನೆಯವನು ಎಂದು. ಬೇರೆಬೇರೆ ಕಡೆ ಕಲಿತ ಸವಾರರು ಒಂದೇ ತಂಡದಲ್ಲಿ ಸೇರಿದಾಗ ಈ ಗೊಂದಲ ಜೀವಕ್ಕೇ ಕುತ್ತಾದೀತು. ಹೊರಡುವ ಮುನ್ನ ಎಲ್ಲರೂ ನಿಂತು ಸನ್ನೆಗಳನ್ನು ಒಮ್ಮೆ ಮಾಡಿ ತೋರಿಸಿಕೊಳ್ಳುವ ಐದು ನಿಮಿಷಕ್ಕೆ ಆದ್ದರಿಂದಲೇ ಬೆಲೆ.

ಸಾಲಿನ ಕಟ್ಟು

ತಂಡದ ಮುಂದಿರುವವನನ್ನು ಲೀಡ್ ಎಂದೂ ಕೊನೆಯವನನ್ನು ಸ್ವೀಪ್ ಎಂದೂ ಸವಾರರು ಕರೆಯುತ್ತಾರೆ. ಲೀಡ್ ದಾರಿ ಬಲ್ಲವನಾಗಿರಬೇಕು. ಸ್ವೀಪ್ ಅನುಭವಿಯಾಗಿದ್ದು, ಪಂಕ್ಚರ್ ಸಾಮಾನು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಅವನ ಬಳಿ ಇರಬೇಕು. ಅವನು ಯಾರನ್ನೂ ದಾಟಿ ಮುಂದೆ ಹೋಗುವಂತಿಲ್ಲ. ಹೊಸಬರು ಲೀಡ್‌ನ ಬೆನ್ನಿಗೇ ಇರಬೇಕು, ಸಾಲಿನ ವೇಗ ಅವರ ವೇಗಕ್ಕೆ ಹೊಂದಬೇಕು. ಒಂದು ಸಾಲಿನಲ್ಲಿ ಐದರಿಂದ ಏಳು ಬೈಕುಗಳಿದ್ದರೆ ಹದ, ಹೆಚ್ಚಿದ್ದರೆ ಎರಡು ಸಾಲು ಮಾಡಿಕೊಳ್ಳಬೇಕು.

ನೇರ ರಸ್ತೆಯಲ್ಲಿ ಒಬ್ಬ ತನ್ನ ಪಥದ ಬಲಭಾಗದಲ್ಲಿ, ಅವನ ಹಿಂದಿನವನು ಎಡಭಾಗದಲ್ಲಿ, ಹೀಗೆ ಹೆಣೆದಂತೆ ಸಾಗುತ್ತಾರೆ. ಓರೆಯಾಗಿ ಮುಂದಿರುವವನಿಗೆ ಕನಿಷ್ಠ ಒಂದು ಸೆಕೆಂಡು, ನೇರ ಮುಂದಿರುವವನಿಗೆ ಎರಡು ಸೆಕೆಂಡು ಅಂತರ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎರಡು ಸೆಕೆಂಡೆಂದರೆ ಸುಮಾರು 33 ಮೀಟರ್. ಮಳೆ ಬಂದರೆ ಇದು ದುಪ್ಪಟ್ಟಾಗಬೇಕು. ತಿರುವು ಶುರುವಾದೊಡನೆ ಈ ಹೆಣಿಗೆ ಬಿಚ್ಚಿ ಒಬ್ಬರ ಹಿಂದೊಬ್ಬರಾಗುತ್ತಾರೆ, ಏಕೆಂದರೆ ತಿರುವಿನಲ್ಲಿ ಪ್ರತಿ ಸವಾರನಿಗೂ ಪಥದ ಪೂರ್ಣ ಅಗಲ ಬೇಕು.

2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟ್ ಎಂಜಿನ್ ಶುರುವಾದೊಡನೆ ತಾನೇ ಉರಿಯಬೇಕೆಂಬ ನಿಯಮ ಬಂತು. ಲೀಡ್ ಕನ್ನಡಿಯಲ್ಲಿ ದೀಪಗಳನ್ನು ಎಣಿಸಿ ತಂಡ ಪೂರ್ತಿಯಿದೆಯೇ ಎಂದು ಹಗಲಲ್ಲೂ ತಿಳಿಯಲು ಇದು ನೆರವಾಯಿತು. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆ, ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಬ್ರೇಕ್ ಕಡ್ಡಾಯವಾಯಿತು. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಮಾಡಿದ್ದು 2016ರ ಜನವರಿಯಲ್ಲಿ. ಹೆಲ್ಮೆಟ್ಟಿಗೆ ಸಿಕ್ಕಿಸುವ ಬ್ಲೂಟೂತ್ ಇಂಟರ್‌ಕಾಮ್ ಬಂದ ಮೇಲೆ ಮಾತೇ ಸನ್ನೆಯಾಗಿದೆ. ಆದರೆ ಬ್ಯಾಟರಿ ಮುಗಿದಾಗ, ಇಂಟರ್‌ಕಾಮ್ ಇಲ್ಲದವರು ಜೊತೆಗೂಡಿದಾಗ ಮತ್ತೆ ಕೈಯೇ ಗತಿ.

ಘಾಟಿ, ಮಂಜು, ಆನೆ

ಘಾಟಿಯ ಹಳೆಯ ಧರ್ಮವೊಂದು ಕಾನೂನಿನಲ್ಲೂ ಸೇರಿದೆ: ರಸ್ತೆ ಸಾಕಷ್ಟು ಅಗಲವಿಲ್ಲದೆಡೆ ಇಳಿಯುವವನು ಏರುವವನಿಗೆ ದಾರಿ ಬಿಡಬೇಕು. ಹೇರು ತುಂಬಿ ಏರುವ ವಾಹನ ನಡುವೆ ನಿಂತರೆ ಮತ್ತೆ ಎಬ್ಬಿಸುವುದು ಕಷ್ಟ. ಕುರುಡು ತಿರುವಿನಲ್ಲಿ ಹಗಲು ಹಾರ್ನ್, ರಾತ್ರಿ ಹೆಡ್‌ಲೈಟಿನ ಡಿಪ್-ಡಿಮ್, ಇವು ಬಸ್ಸು, ಲಾರಿ ಚಾಲಕರ ಬಳಕೆಯಿಂದ ಬೈಕಿನವರಿಗೂ ಬಂದಿವೆ. ಅಪಾಯ ತಿರುವಿನದಷ್ಟೇ ಅಲ್ಲ: 2019ರ ಆಗಸ್ಟ್ ಮಳೆಯಲ್ಲಿ ಚಾರ್ಮಾಡಿಯ ಹಲವೆಡೆ ಗುಡ್ಡ ಕುಸಿದು ಸಂಚಾರ ನಿಂತಿತು. ಕೊಟ್ಟಿಗೆಹಾರದ ದಟ್ಟ ಮಂಜಿನಲ್ಲಿ ಮುಂದಿನ ಬೈಕಿನ ಕೆಂಪು ದೀಪವನ್ನೇ ನಂಬಿ ಹತ್ತಿರ ಹತ್ತಿರ ಹೋಗುವುದು ಸಹಜವೆನಿಸಿದರೂ ಅದೇ ಸರಣಿ ಡಿಕ್ಕಿಗೆ ದಾರಿ. ಬದಿಗೆ ಸುರಕ್ಷಿತ ಜಾಗ ನೋಡಿ ನಿಲ್ಲುವುದು ಜಾಣತನ.

ಹಾಸನ ಜಿಲ್ಲೆಯ ಬೇಲೂರು, ಆಲೂರು, ಸಕಲೇಶಪುರ ತಾಲ್ಲೂಕುಗಳಲ್ಲಿ ಇನ್ನೊಂದು ಬಗೆಯ ಎಚ್ಚರ ಬೇಕು. ಬಿಕ್ಕೋಡು, ಅರೇಹಳ್ಳಿ ಸುತ್ತಿನ ಕಾಫಿ ತೋಟಗಳಲ್ಲಿ ಕಾಡಾನೆಗಳ ಓಡಾಟವಿದೆ. ಆನೆಗಳು ಎಲ್ಲಿವೆಯೆಂದು ಮೊಬೈಲ್ ಸಂದೇಶಗಳ ಮೂಲಕ, ರಸ್ತೆಬದಿಯ ಫಲಕಗಳ ಮೂಲಕ ಜನರಿಗೆ ತಿಳಿಸುವ ವ್ಯವಸ್ಥೆ ಜಿಲ್ಲೆಯಲ್ಲಿ ಬೆಳೆದಿದೆ. ಆನೆ ಕಂಡಾಗ ಹಾರ್ನ್ ಒತ್ತಬಾರದು, ಎಂಜಿನ್ ರೇಸ್ ಮಾಡಬಾರದು, ಫೋಟೊಗೆಂದು ಇಳಿಯಬಾರದು. ಕೈ ಎತ್ತಿ ಇಡೀ ಸಾಲನ್ನು ದೂರದಲ್ಲೇ ನಿಲ್ಲಿಸಿ, ಹಿಂದಿನವರಿಂದ ಮೊದಲಾಗಿ ಗಾಡಿ ತಿರುಗಿಸಿಕೊಳ್ಳಲು ಜಾಗ ಬಿಡಬೇಕು. ಸದ್ದಿಲ್ಲದ ಕೈಸನ್ನೆಯ ಬೆಲೆ ಇಲ್ಲಿ ಗೊತ್ತಾಗುತ್ತದೆ.

ಅಪಘಾತವಾದಾಗ

ಚಿಕ್ಕಮಗಳೂರಿನ ಕಾಫಿ ತೋಟಗಳ ಹಾದಿಯಲ್ಲಿ ನಡೆಯುವ ಕಾರು ರ‍್ಯಾಲಿಗಳಲ್ಲಿ ಒಂದು ಕಟ್ಟುನಿಟ್ಟಿದೆ. ಗಾಡಿ ನಿಂತುಹೋದರೆ ಹಿಂದೆ ಕೆಂಪು ತ್ರಿಕೋನ ಇಡಬೇಕು, ಕ್ಷೇಮವಿದ್ದರೆ ‘ಓಕೆ’ ಫಲಕ, ವೈದ್ಯರು ಬೇಕಿದ್ದರೆ ‘ಎಸ್‌ಒಎಸ್’ ಫಲಕ ಹಿಡಿದು ಬರುವವರಿಗೆ ತೋರಿಸಬೇಕು. ಸಾಮಾನ್ಯ ಸವಾರರ ತಂಡಕ್ಕೂ ಇದು ಮಾದರಿ: ಒಬ್ಬ ಬಿದ್ದವನ ಬಳಿ, ಒಬ್ಬ ತಿರುವಿನ ಹಿಂದೆ ನಿಂತು ವಾಹನಗಳನ್ನು ನಿಧಾನಿಸಲು, ಮತ್ತೊಬ್ಬ ನೆಟ್‌ವರ್ಕ್ ಸಿಗುವ ಕಡೆಗೆ ಹೋಗಿ 108ಕ್ಕೋ 112ಕ್ಕೋ ಕರೆ ಮಾಡಲು. ನೆರವಿಗೆ ಬಂದವರನ್ನು ಪೊಲೀಸ್, ಕೋರ್ಟು ಅಲೆದಾಟದಿಂದ ಕಾಪಾಡಲು ಕರ್ನಾಟಕ ಶಾಸಕಾಂಗ 2016ರಲ್ಲಿ ಒಪ್ಪಿದ ಜೀವರಕ್ಷಕರ ಕಾಯ್ದೆಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. 2019ರಲ್ಲಿ ಕೇಂದ್ರದ ಮೋಟಾರು ವಾಹನ ಕಾಯ್ದೆಗೂ ಇಂಥದೇ ರಕ್ಷಣೆ ಸೇರಿತು.

ಗಂಟೆ, ಲಾಟೀನು, ಎಲ್‌ವಿ ಫಲಕ, ಎತ್ತಿದ ಮುಷ್ಟಿ, ಕನ್ನಡಿಯಲ್ಲಿ ಎಣಿಸಿದ ದೀಪ, ಇವೆಲ್ಲ ಕೇಳುವುದು ಒಂದೇ ಪ್ರಶ್ನೆ: ಎಲ್ಲರೂ ಬಂದರೇ? ಕವಲುದಾರಿಯಲ್ಲಿ ತನ್ನ ಹಿಂದಿನವನು ಕಣ್ಣಿಗೆ ಬೀಳುವವರೆಗೆ ನಿಂತು, ದಾರಿ ತೋರಿಸಿ, ಆಮೇಲೆ ಮುಂದೆ ಹೋಗಬೇಕೆಂಬ ನಿಯಮವನ್ನು ಒಳ್ಳೆಯ ತಂಡಗಳು ಬಿಡದೆ ಪಾಲಿಸುತ್ತವೆ. ಸ್ವೀಪ್ ಬಂದು ಹೆಬ್ಬೆರಳು ಎತ್ತಿ ತೋರಿಸಿದ ಮೇಲೆಯೇ ಅಂದಿನ ಸವಾರಿ ಮುಗಿದಂತೆ.