ನ್ಯಾಯಮೂರ್ತಿ ಹೋಮ್ಸರ ಎರಡು ತೀರ್ಪುಗಳು

ನ್ಯಾಯಪೀಠವೇರಿದ ಹಿರಿಯರೂ ಎಡವುವುದುಂಟೆ? ಅಮೆರಿಕದ ಆಲಿವರ್ ವೆಂಡೆಲ್ ಹೋಮ್ಸರ ಬಾಳನ್ನೇ ನೋಡಿ. 1841ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದ ಇವರು ಅಂತರ್ಯುದ್ಧದಲ್ಲಿ ಮೂರು ಬಾರಿ ಗಾಯಗೊಂಡೂ ಬದುಕಿ ಬಂದರು, ವಕೀಲರಾದರು. 1881ರಲ್ಲಿ ಹೊರಬಂದ ಇವರ ‘ದಿ ಕಾಮನ್ ಲಾ’ ಗ್ರಂಥವು ಕಾನೂನಿನ ಬೇರು ಜನರ ಬಾಳಿನಲ್ಲಿದೆಯೆಂದು ತೋರಿಸಿಕೊಟ್ಟಿತು. 1902ರಿಂದ 1932ರವರೆಗೆ ಇವರು ಸುಪ್ರೀಂ ಕೋರ್ಟಿನ ನ್ಯಾಯಾಧೀಶರು.

ರಷ್ಯಕ್ಕೆ ಸೈನ್ಯ ಕಳುಹಿಸಿದುದನ್ನು ಖಂಡಿಸಿ ಕರಪತ್ರ ಹಂಚಿದವರ ಶಿಕ್ಷೆಯನ್ನು 1919ರಲ್ಲಿ ಬಹುಮತವು ಎತ್ತಿಹಿಡಿಯಿತು. ಹೋಮ್ಸರು ವಾಕ್‌ಸ್ವಾತಂತ್ರ್ಯದ ಪರವಾಗಿ ಭಿನ್ನಮತ ಬರೆದರು. ಅದೇ ಲೇಖನಿಯೇ 1927ರಲ್ಲಿ, ಮಂದಬುದ್ಧಿಯವಳೆಂಬ ಹಣೆಪಟ್ಟಿ ಹೊತ್ತ ಕ್ಯಾರಿ ಬಕ್ ಎಂಬ ಬಡ ತರುಣಿಗೆ ಬಲವಂತದ ಸಂತಾನಹರಣ ಶಸ್ತ್ರಕ್ರಿಯೆ ಮಾಡಲು ಒಪ್ಪಿಗೆಯಿತ್ತಿತು. ಆ ಹಣೆಪಟ್ಟಿ ಸುಳ್ಳೆಂದು ಮುಂದೆ ತಿಳಿದುಬಂದಿತು. ಕಳೆದುದು ಮಾತ್ರ ಆಕೆಗೆ ಮರಳಲಿಲ್ಲ.

ದೊಡ್ಡವರ ತೀರ್ಪನ್ನೂ ನಾವು ಒರೆಗೆ ಹಚ್ಚಲೇಬೇಕು, ಅಲ್ಲವೆ?