ಆಸ್ಪತ್ರೆಗೆ ಮುಂಚಿನ ಚಿಕಿತ್ಸೆ: ಒಂದು ಅಧಿಕಾರ ಕೈಬದಲಾದ ಚರಿತ್ರೆ

ಆಸ್ಪತ್ರೆಯ ಹೊರಗೆ ಕುಸಿದುಬಿದ್ದವರಿಗೆ ಸಿಗುವ ಮೊದಲ ಚಿಕಿತ್ಸೆಯ ಚರಿತ್ರೆಯನ್ನು ವಾಹನಗಳ ಮತ್ತು ಯಂತ್ರಗಳ ಚರಿತ್ರೆಯಾಗಿ ಬರೆಯುವ ರೂಢಿಯಿದೆ. ಅದರೊಳಗೆ ಇನ್ನೊಂದು ಎಳೆಯೂ ಇದೆ. ಅಪಾಯವನ್ನು ಗುರುತಿಸುವ, ರೋಗಿಯ ಮೈಮುಟ್ಟಿ ಚಿಕಿತ್ಸೆ ಮಾಡುವ ಅಧಿಕಾರ ಯಾರದು ಎಂಬ ಪ್ರಶ್ನೆ ಅದು. ಸುಮಾರು ಇನ್ನೂರೈವತ್ತು ವರ್ಷಗಳಲ್ಲಿ ಈ ಅಧಿಕಾರ ವೈದ್ಯರಿಂದ ತರಬೇತಿ ಪಡೆದ ಸಿಬ್ಬಂದಿಗೆ, ಅವರಿಂದ ದಾರಿಹೋಕರಿಗೆ ಬಂದಿದೆ. ಪ್ರತಿ ಹಂತದಲ್ಲೂ ವಿರೋಧ ಎದುರಾಗಿದೆ.

1767ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ನಾಗರಿಕರು ನೀರಿಗೆ ಬಿದ್ದವರನ್ನು ಬದುಕಿಸಲೆಂದೇ ಒಂದು ಸಂಘ ಕಟ್ಟಿದರು. ಊರಿನ ತುಂಬ ಕಾಲುವೆಗಳಿದ್ದವು. ಮುಳುಗಿ ಸಾಯುವವರೂ ಬಹಳ. ಕೊಲೆಯ ಆರೋಪ ತಮ್ಮ ಮೇಲೆ ಬಂದೀತೆಂಬ ಅಂಜಿಕೆಯಿಂದ ಜನ ಮುಳುಗಿದವರನ್ನು ಪೂರ್ತಿ ಮೇಲೆತ್ತಲು ಹಿಂಜರಿಯುತ್ತಿದ್ದರು. ಸಂಘ ಮೈ ಬೆಚ್ಚಗಾಗಿಸುವ, ಬಾಯಿಗೆ ಬಾಯಿಟ್ಟು ಉಸಿರು ತುಂಬುವ ವಿಧಾನಗಳನ್ನು ಪ್ರಚಾರ ಮಾಡಿ, ರಕ್ಷಿಸಿದವರಿಗೆ ಬಹುಮಾನ ಕೊಟ್ಟಿತು. ಗುದದ್ವಾರದ ಮೂಲಕ ತಂಬಾಕಿನ ಹೊಗೆ ಊದುವ ವಿಧಾನವೂ ಆ ಪಟ್ಟಿಯಲ್ಲಿತ್ತು. ಅದು ನಿಷ್ಪ್ರಯೋಜಕವೆಂದು ತಿಳಿಯಲು ಕಾಲ ಹಿಡಿಯಿತು. 1774ರಲ್ಲಿ ಲಂಡನ್‌ನಲ್ಲಿ ವಿಲಿಯಂ ಹಾಸ್ ಮತ್ತು ಥಾಮಸ್ ಕೋಗನ್ ಇದೇ ಮಾದರಿಯ ಸಂಘ ಸ್ಥಾಪಿಸಿದರು. ಅದೇ ಮುಂದೆ ರಾಯಲ್ ಹ್ಯೂಮೇನ್ ಸೊಸೈಟಿ ಎನಿಸಿತು.

ಯುದ್ಧಭೂಮಿಯಲ್ಲಿ ಬದಲಾವಣೆ ತಂದವನು ಫ್ರೆಂಚ್ ಶಸ್ತ್ರವೈದ್ಯ ಡೊಮಿನಿಕ್ ಜಾನ್ ಲಾರೆ. ಆವರೆಗೆ ವೈದ್ಯಕೀಯ ದಳ ಸೇನೆಗಿಂತ ಬಹಳ ಹಿಂದೆ ನಿಲ್ಲುತ್ತಿತ್ತು. ಗಾಯಾಳುಗಳು ಕಾದಾಟ ಮುಗಿಯುವತನಕ ಬಿದ್ದಲ್ಲೇ ನರಳಬೇಕಿತ್ತು. 1792ರ ದಂಡಯಾತ್ರೆಯ ಅನುಭವದಿಂದ ಲಾರೆ ಕುದುರೆ ಎಳೆಯುವ ಹಗುರ ಗಾಡಿಗಳನ್ನು ರೂಪಿಸಿದ. ಯಾರಿಗೆ ಮೊದಲು ಚಿಕಿತ್ಸೆ ಎಂಬುದನ್ನು ಪದವಿ ನೋಡದೆ ಗಾಯದ ತೀವ್ರತೆ ನೋಡಿಯೇ ನಿರ್ಧರಿಸಬೇಕೆಂದು ನಿಯಮ ಮಾಡಿದ. ಇಂದಿಗೂ ಸಾಮೂಹಿಕ ಅವಘಡಗಳಲ್ಲಿ ಗಾಯಾಳುಗಳನ್ನು ವಿಂಗಡಿಸುವುದು ಈ ತತ್ವದ ಮೇಲೆಯೇ.

ಆದರೆ ನಾಗರಿಕ ಜೀವನದಲ್ಲಿ ಆಂಬುಲೆನ್ಸ್ ಬಹುಕಾಲ ಬರೀ ಸಾಗಣೆಯ ಗಾಡಿಯಾಗಿಯೇ ಉಳಿಯಿತು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ 1966ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಹಿಂದಿನ ವರ್ಷ ಆ ದೇಶದಲ್ಲಿ ಅಪಘಾತಗಳಿಂದ ಸತ್ತವರು 1,07,000 ಮಂದಿ. ಅಲ್ಲಿನ ಆಂಬುಲೆನ್ಸ್ ಸೇವೆಯಲ್ಲಿ ಸುಮಾರು ಅರ್ಧದಷ್ಟನ್ನು ನಡೆಸುತ್ತಿದ್ದವರು ಅಂತ್ಯಕ್ರಿಯೆಯ ವೃತ್ತಿಯವರು. ರೋಗಿಯನ್ನು ಮಲಗಿಸಿಕೊಂಡು ಹೋಗಬಲ್ಲ ಉದ್ದನೆಯ ಗಾಡಿ ಅವರಲ್ಲಿತ್ತು ಎಂಬುದಷ್ಟೇ ಇದಕ್ಕೆ ಕಾರಣ.

ಅಷ್ಟರಲ್ಲಿ ದಾರಿಯಲ್ಲೇ ಮಾಡಬಹುದಾದ ಚಿಕಿತ್ಸೆ ಸಿದ್ಧವಾಗಿತ್ತು. ಬಾಲ್ಟಿಮೋರ್‌ನಲ್ಲಿ ಅರಿವಳಿಕೆ ತಜ್ಞ ಪೀಟರ್ ಸಫರ್ 1950ರ ದಶಕದ ಕೊನೆಯಲ್ಲಿ, ಔಷಧದಿಂದ ಉಸಿರಾಟ ನಿಲ್ಲಿಸಿದ ಸ್ವಯಂಸೇವಕರ ಮೇಲೆ ಪ್ರಯೋಗ ಮಾಡಿ, ತಲೆಯನ್ನು ಹಿಂದಕ್ಕೆ ಬಾಗಿಸಿ ಬಾಯಿಯಿಂದ ಉಸಿರು ತುಂಬುವುದು ಕೈಗಳನ್ನೆತ್ತಿ ಎದೆ ಅದುಮುವ ಹಳೆಯ ಪದ್ಧತಿಗಿಂತ ಮೇಲು ಎಂದು ತೋರಿಸಿದರು. 1960ರಲ್ಲಿ ಅದೇ ಊರಿನ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಕೌವೆನ್‌ಹೋವನ್, ಜೂಡ್ ಮತ್ತು ನಿಕರ್‌ಬಾಕರ್, ಎದೆಗೂಡನ್ನು ಕೊಯ್ಯದೆ ಹೊರಗಿನಿಂದ ಒತ್ತಿಯೇ ರಕ್ತ ಹರಿಸಬಹುದೆಂದು ವರದಿ ಮಾಡಿದರು. ಎರಡೂ ಸೇರಿ ಇಂದಿನ ಸಿಪಿಆರ್ ಆಯಿತು. ಬೇಕಾದದ್ದು ಎರಡು ಕೈ ಮತ್ತು ಕಲಿಕೆ ಮಾತ್ರ. ಅದನ್ನು ಜನಸಾಮಾನ್ಯರಿಗೆ ಕಲಿಸುವುದು ಅಪಾಯವೆಂದು ವೈದ್ಯವರ್ಗದ ಹಲವರು ವರ್ಷಗಟ್ಟಲೆ ವಾದಿಸಿದರು.

ಹೃದಯಾಘಾತದ ವಿಷಯದಲ್ಲಿ ತಿರುವು ಬಂದದ್ದು ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ. ಅಲ್ಲಿನ ರಾಯಲ್ ವಿಕ್ಟೋರಿಯಾ ಆಸ್ಪತ್ರೆಯ ಫ್ರಾಂಕ್ ಪ್ಯಾಂಟ್ರಿಡ್ಜ್ ಮತ್ತು ಜಾನ್ ಗೆಡ್ಡೆಸ್ ಅವರ ತರ್ಕ ನೇರವಾಗಿತ್ತು. ಹೃದಯಾಘಾತದಿಂದ ಸಾಯುವ ನಡುವಯಸ್ಸಿನವರಲ್ಲಿ ಬಹುಪಾಲು ಮಂದಿ ನೋವು ಶುರುವಾದ ಮೊದಲ ಒಂದು ಗಂಟೆಯಲ್ಲೇ ಸಾಯುತ್ತಿದ್ದರು. ಹೃದಯದ ಕೆಳಕೋಣೆಗಳು ತಾಳತಪ್ಪಿ ಅದುರುವುದೇ ಆ ಸಾವಿಗೆ ಮುಖ್ಯ ಕಾರಣ. ಡಿಫಿಬ್ರಿಲೇಟರ್‌ನ ವಿದ್ಯುತ್ ಆಘಾತ ಅದನ್ನು ಸರಿಪಡಿಸಬಲ್ಲದು. ಯಂತ್ರವಿದ್ದದ್ದು ಆಸ್ಪತ್ರೆಯಲ್ಲಿ, ರೋಗಿ ಸಾಯುತ್ತಿದ್ದದ್ದು ಮನೆಯಲ್ಲಿ. ಅವರು ಕಾರಿನ ಬ್ಯಾಟರಿಗಳಿಂದ ನಡೆಯುವ, ಸುಮಾರು 70 ಕಿಲೋ ತೂಕದ ಡಿಫಿಬ್ರಿಲೇಟರ್ ಜೋಡಿಸಿ, 1966ರ ಜನವರಿಯಿಂದ ಆಂಬುಲೆನ್ಸ್‌ನಲ್ಲಿ ವೈದ್ಯರೊಂದಿಗೆ ಮನೆಬಾಗಿಲಿಗೇ ಕಳಿಸತೊಡಗಿದರು. 1967ರ ಆಗಸ್ಟ್‌ನಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ವರದಿಯ ಪ್ರಕಾರ 15 ತಿಂಗಳಲ್ಲಿ 312 ರೋಗಿಗಳನ್ನು ನೋಡಲಾಗಿತ್ತು. ಹೃದಯ ನಿಂತುಹೋಗಿ ಮರಳಿ ಮಿಡಿದ 10 ಮಂದಿಯಲ್ಲಿ ಐವರು ಬದುಕಿ ಮನೆಗೆ ಹೋದರು. ಸಂಖ್ಯೆ ಚಿಕ್ಕದು. ಆದರೆ ಆಸ್ಪತ್ರೆ ಮುಟ್ಟುವ ಮೊದಲೇ ಸತ್ತಂತಾದವರನ್ನು ಮತ್ತೆ ಬದುಕಿಸಬಹುದೆಂಬುದಕ್ಕೆ ಅಷ್ಟೇ ಸಾಕಾಯಿತು.

ಬೆಲ್‌ಫಾಸ್ಟ್ ಮಾದರಿಗೆ ಪ್ರತಿ ಗಾಡಿಗೂ ವೈದ್ಯರು ಬೇಕಿತ್ತು. ವೈದ್ಯರಿಲ್ಲದೆಯೂ ಇದು ಸಾಧ್ಯವೆಂದು ತೋರಿಸಿದವರಲ್ಲಿ ಪಿಟ್ಸ್‌ಬರ್ಗ್‌ನ ಫ್ರೀಡಮ್ ಹೌಸ್ ಆಂಬುಲೆನ್ಸ್ ಸೇವೆಯವರು ಮುಂಚೂಣಿಯಲ್ಲಿದ್ದಾರೆ. ಚರಿತ್ರೆಯ ಪುಸ್ತಕಗಳು ಬಹುಕಾಲ ಅವರನ್ನು ಮರೆತದ್ದು ಅನ್ಯಾಯ. ಆ ನಗರದ ಹಿಲ್ ಡಿಸ್ಟ್ರಿಕ್ಟ್‌ನ ಕಪ್ಪುಜನಾಂಗದ ಬಡಾವಣೆಗಳಲ್ಲಿ ಯಾರಾದರೂ ಬಿದ್ದರೆ ಪೊಲೀಸ್ ವ್ಯಾನ್ ಬರುತ್ತಿತ್ತು; ಅದರೊಳಗೆ ಚಿಕಿತ್ಸೆ ಇರಲಿಲ್ಲ. 1967ರಲ್ಲಿ, ಅಷ್ಟರಲ್ಲಿ ಬಾಲ್ಟಿಮೋರ್‌ನಿಂದ ಪಿಟ್ಸ್‌ಬರ್ಗ್‌ಗೆ ಬಂದಿದ್ದ ಸಫರ್ ಮತ್ತು ಫಿಲ್ ಹ್ಯಾಲೆನ್ ಅಲ್ಲಿನ ನಿರುದ್ಯೋಗಿಗಳನ್ನೇ ಆರಿಸಿ ಸುಮಾರು 300 ಗಂಟೆಗಳ ತರಬೇತಿಗೆ ಕೂಡಿಸಿದರು. ಶಾಲೆ ಮುಗಿಸದವರೂ ಅವರಲ್ಲಿದ್ದರು. ಅಂಗರಚನೆ, ಸಿಪಿಆರ್, ಶ್ವಾಸನಾಳದ ನಿರ್ವಹಣೆ ಎಲ್ಲವನ್ನೂ ಅವರು ಕಲಿತರು. 1974ರಲ್ಲಿ ವೈದ್ಯಕೀಯ ನಿರ್ದೇಶಕಿಯಾಗಿ ಬಂದ ನ್ಯಾನ್ಸಿ ಕ್ಯಾರೊಲಿನ್ ಸಿಬ್ಬಂದಿಯೊಂದಿಗೆ ತಾವೂ ಗಾಡಿ ಹತ್ತಿದರು. ಅವರು ರೂಪಿಸಿದ ಪಠ್ಯಕ್ರಮವೇ ಅಮೆರಿಕದ ಪ್ಯಾರಾಮೆಡಿಕ್ ಶಿಕ್ಷಣಕ್ಕೆ ಬುನಾದಿಯಾಯಿತು. 1975ರಲ್ಲಿ ನಗರಾಡಳಿತ ಫ್ರೀಡಮ್ ಹೌಸನ್ನು ಮುಚ್ಚಿ ತನ್ನದೇ ಸೇವೆ ತೆರೆಯಿತು. ಹೊಸ ವ್ಯವಸ್ಥೆಯಲ್ಲಿ ಆ ಅನುಭವಿಗಳಲ್ಲಿ ಹೆಚ್ಚಿನವರಿಗೆ ನೆಲೆ ಸಿಗಲಿಲ್ಲ.

ಇದೇ ಅವಧಿಯಲ್ಲಿ ಮಯಾಮಿಯಲ್ಲಿ ಯುಜೀನ್ ನೇಗೆಲ್ ಇಸಿಜಿಯನ್ನು ರೇಡಿಯೊ ಮೂಲಕ ಆಸ್ಪತ್ರೆಗೆ ಕಳಿಸುವ ಏರ್ಪಾಡು ಮಾಡಿದರು. ಸಿಯಾಟಲ್‌ನಲ್ಲಿ ಲಿಯೊನಾರ್ಡ್ ಕಾಬ್ 1970ರಲ್ಲಿ ಅಗ್ನಿಶಾಮಕ ದಳದವರನ್ನು ತರಬೇತುಗೊಳಿಸಿದರು. ಸಹಾಯ ತಲುಪುವ ಮೊದಲಿನ ನಿಮಿಷಗಳೇ ನಿರ್ಣಾಯಕವೆಂದು ಕಂಡು, ಸಾರ್ವಜನಿಕರಿಗೇ ಸಿಪಿಆರ್ ಕಲಿಸುವ ಕಾರ್ಯಕ್ರಮ ಕೈಗೊಂಡರು.

ಗುರುತಿಸುವ ಕೆಲಸಕ್ಕೂ ಸರಳ ಸಾಧನಗಳು ಬಂದವು. 1974ರ ಗ್ಲಾಸ್ಗೋ ಮಾಪಕ ಕಣ್ಣು, ಮಾತು, ಚಲನೆಗಳಿಂದ ಪ್ರಜ್ಞೆಯ ಮಟ್ಟ ಅಳೆಯುತ್ತದೆ. ಮಿದುಳಿನ ರಕ್ತನಾಳದ ಹೆಪ್ಪು ಕರಗಿಸುವ ಔಷಧವನ್ನು ಮೂರು ಗಂಟೆಯೊಳಗೆ ಕೊಟ್ಟರೆ ಲಾಭವಿದೆಯೆಂದು 1995ರಲ್ಲಿ ಸಾಬೀತಾದ ಮೇಲೆ ಲಕ್ವವನ್ನು ಮನೆಯಲ್ಲೇ ಗುರುತಿಸುವುದು ಅನಿವಾರ್ಯವಾಯಿತು. ಸೊಟ್ಟಗಾದ ಮುಖ, ಎತ್ತಲಾಗದ ತೋಳು, ತೊದಲುವ ಮಾತು: ಈ ಮೂರರ ಪರೀಕ್ಷೆಯನ್ನು 1998ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಆಂಬುಲೆನ್ಸ್ ಸಿಬ್ಬಂದಿಗಾಗಿ ರೂಪಿಸಲಾಯಿತು. ಈಗ ಅದು ಮನೆಮಂದಿಗೂ ಕಲಿಸುವ ಪಾಠ.

ದಾರಿಯಲ್ಲಿ ಹೆಚ್ಚು ಚಿಕಿತ್ಸೆ ಮಾಡಿದಷ್ಟೂ ಒಳಿತೆಂಬ ನಂಬಿಕೆಗೆ ಪೆಟ್ಟೂ ಬಿತ್ತು. ಹ್ಯೂಸ್ಟನ್‌ನಲ್ಲಿ ಎದೆ, ಹೊಟ್ಟೆಗೆ ಇರಿತ ಅಥವಾ ಗುಂಡಿನ ಗಾಯವಾಗಿ ರಕ್ತದೊತ್ತಡ ಕುಸಿದ 598 ಮಂದಿಯ ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಶಸ್ತ್ರಚಿಕಿತ್ಸೆಗೆ ಮೊದಲೇ ಡ್ರಿಪ್ ಹಾಕಿದವರಲ್ಲಿ ಶೇ. 62, ತಡೆದು ಹಾಕಿದವರಲ್ಲಿ ಶೇ. 70 ಮಂದಿ ಉಳಿದರು. ಕೆನಡಾದ ಒಂಟಾರಿಯೊದ 2004ರ ಅಧ್ಯಯನದಲ್ಲಿ, ಬೇಗ ವಿದ್ಯುತ್ ಆಘಾತ ಸಿಗುವ ವ್ಯವಸ್ಥೆಗೆ ಉಸಿರುಕೊಳವೆ ಮತ್ತು ಔಷಧಗಳನ್ನು ಸೇರಿಸಿದ್ದರಿಂದ ಹೃದಯಸ್ತಂಭನವಾದವರ ಉಳಿವು ಹೆಚ್ಚಲಿಲ್ಲ. ಆದರೆ ಹತ್ತಿರವಿದ್ದವರು ಮಾಡಿದ ಸಿಪಿಆರ್ ಫಲ ಕೊಟ್ಟಿತ್ತು.

ಭಾರತದಲ್ಲಿ ಮೊದಲ ತೊಡಕು ಕಾನೂನಿನ ಭಯದ್ದು. ಪೊಲೀಸ್ ವಿಧಿವಿಧಾನಗಳಿಗೆ ಕಾಯದೆ ಗಾಯಾಳುವನ್ನು ಉಳಿಸುವುದು ಪ್ರತಿ ವೈದ್ಯರ ಕರ್ತವ್ಯವೆಂದು ಸುಪ್ರೀಂ ಕೋರ್ಟ್ 1989ರಲ್ಲಿ ಪರಮಾನಂದ ಕಟಾರಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. 108 ಸೇವೆ 2005ರಲ್ಲಿ ಹೈದರಾಬಾದ್‌ನಲ್ಲಿ ಆರಂಭವಾಗಿ, 2008ರ ನವೆಂಬರ್‌ನಲ್ಲಿ 'ಆರೋಗ್ಯ ಕವಚ' ಎಂಬ ಹೆಸರಿನಲ್ಲಿ ಕರ್ನಾಟಕಕ್ಕೆ ಬಂತು. ನೆರವಿಗೆ ಬಂದವರನ್ನು ಪೊಲೀಸ್ ಮತ್ತು ಕೋರ್ಟಿನ ಕಿರುಕುಳದಿಂದ ಕಾಪಾಡುವ ಮಸೂದೆಯನ್ನು ಕರ್ನಾಟಕ ವಿಧಾನಮಂಡಲ 2016ರಲ್ಲಿ ಅಂಗೀಕರಿಸಿತು. ಇಂಥ ಕಾನೂನು ಮಾಡಿದ ಮೊದಲ ರಾಜ್ಯ ಇದೇ. ನಟ ಪುನೀತ್ ರಾಜ್‌ಕುಮಾರ್ ಹೆಸರಿನ 'ಹೃದಯ ಜ್ಯೋತಿ' ಯೋಜನೆಯಲ್ಲಿ ಈಗ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ಓದುತ್ತಾರೆ. ಹೃದಯಾಘಾತ ಖಚಿತವಾದರೆ, ದೊಡ್ಡಾಸ್ಪತ್ರೆಗೆ ಸಾಗಿಸುವ ಮೊದಲೇ ಅಲ್ಲಿಯೇ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡಲಾಗುತ್ತದೆ.